ಹಳೆಯ ಫ್ರೆಂಚ್ ಗಡಿಯಾರಕ್ಕೆ ಕೀ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ಫ್ರೆಂಚ್ ಜೇಬು ಗಡಿಯಾರಗಳಿಗೆ ಆಗಾಗ ಕೀ ಕೊಟ್ಟು ಓಡಿಸುತ್ತಿರಬೇಕು, ನಿಂತಿದ್ದರೆ ಒಳಗೆ ಒಂದು ಹನಿ ಎಣ್ಣೆ ಬಿಡಬೇಕು ಎಂಬ ಸಲಹೆ ನಿಮ್ಮ ಪುರವಣಿಯಲ್ಲಿ ಬಂದಿದೆ. ಹದಿನೆಂಟನೇ ಶತಮಾನದ ಗಡಿಯಾರಗಳು ಹಾಳಾಗುವುದೇ ಈ ಎರಡು ಕೆಲಸಗಳಿಂದ.

ಮೊದಲು ಹಿಂಬದಿ ನೋಡಿ. ಅತ್ತಿತ್ತ ಆಡುತ್ತ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಮೇಲಿನ ಕೆತ್ತನೆಯ ದುಂಡು ತಟ್ಟೆಗೆ ಎದುರುಬದುರಾಗಿ ಎರಡು ಕಿವಿ, ಎರಡು ಸ್ಕ್ರೂ ಇದ್ದರೆ ಅದು ಬಹುಮಟ್ಟಿಗೆ ಫ್ರೆಂಚ್ ಅಥವಾ ಸ್ವಿಸ್ ಕೆಲಸ. ಇಂಗ್ಲಿಷರದು ಸಾಮಾನ್ಯವಾಗಿ ಒಂಟಿ ಕಾಲಿನದು. ಗಡಿಯಾರ ದಪ್ಪಗಿದ್ದು, ಡಯಲಿನಲ್ಲೇ ಕೀ ತೂತು ಇದ್ದರೆ ಒಳಗೆ ವರ್ಜ್ ಎಸ್ಕೇಪ್‌ಮೆಂಟ್ (ಚಕ್ರಗಳನ್ನು ಒಂದೊಂದೇ ಹಲ್ಲಾಗಿ ಬಿಡುವ ಹಳೆಯ ವ್ಯವಸ್ಥೆ) ಮತ್ತು ಫ್ಯೂಜಿ ಇರುವ ಸಂಭವ ಹೆಚ್ಚು.

ವರ್ಜ್ ಎಂದರೆ ಬ್ಯಾಲೆನ್ಸಿನ ದಂಡವೇ. ಅದರಲ್ಲಿ ಸುಮಾರು ಲಂಬಕೋನದಲ್ಲಿ ಎರಡು ಉಕ್ಕಿನ ರೆಕ್ಕೆಗಳಿವೆ. ಕಿರೀಟದಂಥ ಚಕ್ರದ ಎದುರುಬದುರು ಹಲ್ಲುಗಳು ಇವನ್ನು ಸರದಿಯಂತೆ ತಳ್ಳುತ್ತವೆ. ಒಂದು ಬದಿಯಲ್ಲಿ ಹಲ್ಲು ಇದ್ದಾಗ ಎದುರು ಬದಿಯಲ್ಲಿ ಖಾಲಿ ಜಾಗ ಇರಬೇಕಾದ್ದರಿಂದ ಹಲ್ಲುಗಳ ಸಂಖ್ಯೆ ಬೆಸವೇ: 11, 13, ಇಲ್ಲವೇ 15. ಈ ವ್ಯವಸ್ಥೆಗೆ ಬಲ ಹೆಚ್ಚಾದರೆ ಗಡಿಯಾರ ಮುಂದೋಡುತ್ತದೆ, ಕಡಿಮೆಯಾದರೆ ಹಿಂದೆ ಬೀಳುತ್ತದೆ. ಅದನ್ನು ಸರಿದೂಗಿಸಲೆಂದೇ ಶಂಕುವಿನಾಕಾರದ ಫ್ಯೂಜಿ. ಸ್ಪ್ರಿಂಗ್ ಇರುವ ಡಬ್ಬಿಗೂ (ಬ್ಯಾರೆಲ್) ಇದಕ್ಕೂ ನಡುವೆ ಒಂದು ಸಣ್ಣ ಚೈನು: ಸ್ಪ್ರಿಂಗ್ ಪೂರ್ತಿ ಬಿಗಿಯಾಗಿದ್ದಾಗ ಚೈನು ಕಿರಿದಾದ ತುದಿಯಿಂದ ಎಳೆಯುತ್ತದೆ, ಸಡಿಲವಾಗುತ್ತ ಬಂದಂತೆ ಅಗಲವಾದ ಬುಡಕ್ಕೆ ಇಳಿಯುತ್ತದೆ.

ಅಪಾಯ ಇಲ್ಲೇ. ಚೈನು ಮೇಲಿನ ಸುತ್ತಿಗೆ ಬಂದಾಗ ಒಂದು ಪುಟ್ಟ ಪಟ್ಟಿಯನ್ನು ಎತ್ತಿ, ಕೀ ಮುಂದೆ ತಿರುಗದಂತೆ ತಡೆಯಬೇಕು. ಹಳೆಯ ಎಣ್ಣೆ ಅಂಟಾಗಿ ಆ ಪಟ್ಟಿ ಏಳದಿದ್ದರೆ, ಇನ್ನೊಂದು ಸುತ್ತಿಗೆ ಚೈನೇ ತುಂಡು. ಕೀ ತಿರುಗಿಸುವ ದಿಕ್ಕೂ ಎಲ್ಲ ಗಡಿಯಾರಗಳಲ್ಲಿ ಒಂದೇ ಅಲ್ಲ. ಬಿಗಿ ಎನಿಸಿದರೆ ಬಲ ಹಾಕಬಾರದು.

ಇನ್ನು ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆ ಹರಡಿ ಎಲ್ಲೆಡೆ ಧೂಳು ಹಿಡಿಸುತ್ತದೆ. ಗಡಿಯಾರದ ಎಣ್ಣೆಯನ್ನೇ, ಸೂಜಿ ಮೊನೆಯಷ್ಟು, ದಂಡಗಳ ತುದಿ ತಿರುಗುವ ತೂತುಗಳಿಗೆ ಕೊಡಬೇಕು. ಚಕ್ರದ ಹಲ್ಲುಗಳಿಗೆ ಎಂದೂ ಇಲ್ಲ. ಧೂಳು ಮೆತ್ತನೆಯ ಹಿತ್ತಾಳೆಯಲ್ಲಿ ಹೂತುಕೊಂಡು ಗಟ್ಟಿ ಉಕ್ಕನ್ನೇ ಸವೆಸುತ್ತದೆ. ಹಳೆಯ ವರ್ಜಿನ ರೆಕ್ಕೆಗಳಲ್ಲಿ ಕಾಣುವ ಗುಳಿಗಳಿಗೆ ಇದೇ ಕಾರಣ. ಚಕ್ರಗಳನ್ನು ಹಿಡಿದಿಡುವ ಪ್ಲೇಟುಗಳನ್ನು ಹುಣಸೆಹಣ್ಣು ಹಾಕಿ ಉಜ್ಜುವವರೂ ಇದ್ದಾರೆ! ಅದು ಬರಿ ಹಿತ್ತಾಳೆಯಲ್ಲ, ಪಾದರಸದಿಂದ ಕೊಟ್ಟ ತೆಳುವಾದ ಚಿನ್ನದ ಲೇಪ. ಒಮ್ಮೆ ಹೋದರೆ ಹೋಯಿತು.

ತೆಳ್ಳನೆಯ ಗಡಿಯಾರಗಳ ವಿಷಯ ಬೇರೆ. 1760ರ ದಶಕದಲ್ಲಿ ಪ್ಯಾರಿಸ್ಸಿನ ಗಡಿಯಾರ ತಯಾರಕ ಲೆಪೀನ್ ಫ್ಯೂಜಿಯನ್ನು ಕೈಬಿಟ್ಟು, ಮೇಲಿನ ಇಡೀ ಪ್ಲೇಟಿನ ಬದಲು ಸೇತುವೆಯಂಥ ಬಿಡಿ ಬಿಡಿ ಪಟ್ಟಿಗಳನ್ನು ಕೂರಿಸಿದ. ಅವುಗಳ ದುರಸ್ತಿ ಎಷ್ಟೋ ಸುಲಭ. ಡಯಲಿನಲ್ಲಿ 'ಬ್ರೆಗೆ' ಎಂದಿದ್ದರೆ ಮಾತ್ರ ಹಿಗ್ಗಬೇಡಿ. ಆ ಹೆಸರಾಂತ ಪ್ಯಾರಿಸ್ ಗಡಿಯಾರ ತಯಾರಕ ಬದುಕಿದ್ದಾಗಲೇ ಅವನ ಕೆಲಸದ ನಕಲು ಎಷ್ಟು ಹೆಚ್ಚಿತ್ತೆಂದರೆ, 1795ರ ಆಸುಪಾಸಿನಲ್ಲಿ ಡಯಲಿನ ಮೇಲೆ ಸುಲಭಕ್ಕೆ ಕಾಣದ ಗುಟ್ಟಿನ ಸಹಿ ಹಾಕತೊಡಗಿದ.

ದುರಸ್ತಿಗೆ ಕೊಡುವವರು ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಲಿ: ಬ್ಯಾಲೆನ್ಸ್ ತೆಗೆಯುವ ಮುನ್ನ ಸ್ಪ್ರಿಂಗ್ ಹೇಗೆ ಸಡಿಲಿಸುತ್ತೀರಿ? ಫ್ಯೂಜಿ ಗಡಿಯಾರದಲ್ಲಿ ಕೀ ಕೊಡುವ ಜಾಗದಿಂದ ಅದು ಆಗದು, ಬ್ಯಾರೆಲಿನ ದಂಡಕ್ಕೆ ಕೀ ಹಾಕಿ ಬಿಗಿ ಹಿಡಿದು, ಅಲ್ಲಿನ ತಡೆಯನ್ನು ಬಿಡಿಸಿ ನಿಧಾನ ಹಿಂದಕ್ಕೆ ಬಿಡಬೇಕು. ಹಾಗೆ ಮಾಡದೆ ಬ್ಯಾಲೆನ್ಸ್ ಎತ್ತಿದರೆ ಚಕ್ರಗಳೆಲ್ಲ ಒಮ್ಮೆಲೇ ಬಿರ್ರನೆ ತಿರುಗಿ ಹಲ್ಲು ಮುರಿಯುತ್ತವೆ, ಚೈನು ಹರಿಯುತ್ತದೆ. ಮತ್ತೆ ಜೋಡಿಸುವಾಗ ಆ ದಂಡಕ್ಕೆ ಅರ್ಧದಿಂದ ಮುಕ್ಕಾಲು ಸುತ್ತು ಮುಂಗಡ ಬಿಗಿ ಕೊಡಬೇಕು. ಇದಕ್ಕೆ ಅಂಗಡಿಯವರ ಬಳಿ ಉತ್ತರವಿಲ್ಲದಿದ್ದರೆ ಗಡಿಯಾರ ವಾಪಸ್ ತನ್ನಿ.

– ಗಡಿಯಾರ ದುರಸ್ತಿಗಾರ, ಮೈಸೂರು