ಪರಿಹಾರದ ರೊಕ್ಕ ಬರೂದ್ರೊಳಗ ಸಲಹೆಗಾರರನ್ನ ಕಳಸ್ರಿ

ಸಂಪಾದಕರಿಗೆ ನಮಸ್ಕಾರ್ರೀ,

ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆ ಮೂರನೇ ಹಂತದಾಗ ಮುಳುಗೋ ಹೊಲಕ್ಕ ಎಕರೆಗೆ ನೀರಾವರಿ ಇದ್ರ 40 ಲಕ್ಷ, ಒಣಬೇಸಾಯ ಇದ್ರ 30 ಲಕ್ಷ ಅಂತ 2025ರ ಸೆಪ್ಟೆಂಬರ್‌ನ್ಯಾಗ ಸಚಿವ ಸಂಪುಟ ತೀರ್ಮಾನ ಮಾಡಿದಾಗಿಂದ ನಮ್ಮ ಬಾಗಲಕೋಟಿ ಹಳ್ಳಿಗಳೊಳಗ ಇದ ಮಾತು. ರೇಟು ಸಾಕೋ ಸಾಲ್ದೋ, ಯಾವಾಗ ಬರ್ತೈತಿ ಅಂತ ಎಲ್ಲಾರೂ ಕೇಳ್ತಾರ, ಬಂದದ್ದು ಎಲ್ಲಿ ಇಡೂದು ಅಂತ ಕೇಳೂ ಮಂದಿ ಭಾಳ ಕಡಿಮಿ.

ನಮ್ಮ ದೊಡ್ಡಪ್ಪಗ ಅರವತ್ತು ದಾಟಿತ್ತು, ಹಿಂದ ಹೋದ ಹೊಲದ್ದು ಹೆಚ್ಚಿನ ಪರಿಹಾರ ಖಾತೆಗೆ ಜಮಾ ಆದಕೂಡ್ಲೆ ಬ್ಯಾಂಕಿನ್ಯಾಗ ಕರದು ಕುಂದ್ರಿಸಿ, ಚಹಾ ಕುಡಿಸಿ, "ಯಜಮಾನ್ರ, ಇದು ಎಫ್‌ಡಿ ಇದ್ದಂಗರೀ, ಬಡ್ಡಿ ಜಾಸ್ತಿ" ಅಂತ ಹೇಳಿ ಸಹಿ ಹಾಕಿಸ್ಕೊಂಡ್ರು. ಮುಂದಿನ ವರ್ಷ ಕಂತು ತುಂಬ್ರಿ ಅಂತ ಮೆಸೇಜ್ ಬಂದಾಗ ಗೊತ್ತಾತು, ಅದು ವರ್ಷಾ ವರ್ಷಾ ತುಂಬೋ ಇನ್ಶೂರೆನ್ಸ್ ಪಾಲಿಸಿ ಅಂತ. ಹೊಲಾನ ಹೋದ ಮ್ಯಾಲೆ ಕಂತು ಎಲ್ಲಿಂದ ತರ್ಬೇಕ್ರೀ? ಈಗಿನ ನಿಯಮದಾಗ ಪಾಲಿಸಿ ಕೈಗೆ ಬಂದ 30 ದಿನದೊಳಗ ಬ್ಯಾಡ ಅಂತ ವಾಪಸ್ ಕೊಡಬಹುದು, ಆದ್ರ ಆ ಕಾಗದೆಲ್ಲಾ ಇಂಗ್ಲಿಷ್‌ನ್ಯಾಗ ಇರ್ತೈತಿ, ಓದಿ ಹೇಳೋರು ಯಾರು.

ಏಜೆಂಟರ ಹೊಟ್ಟಿಪಾಡು ಕಮಿಷನ್ ಮ್ಯಾಲೆ ನಡೀತೈತಿ, ಅವ್ರು ಮಾರೂದನ್ನ ಮಾರ್ತಾರ. ಷೇರುಪೇಟಿ ಮ್ಯಾಲೆ ನಿಗಾ ಇಡೋ ಸಂಸ್ಥೆ ಸೆಬಿ 2013ರಾಗ ಹೂಡಿಕೆ ಸಲಹೆಗಾರರಿಗೆ ಅಂತ ಬ್ಯಾರೇನ ನಿಯಮ ಮಾಡೈತಿ, ಅವ್ರ ನೋಂದಣಿ ನಂಬರ್ 'ಐಎನ್‌ಎ' ಅಂತ ಶುರು ಆಗ್ತೈತಿ, ನಮ್ಮ ಕಡಿಂದ ಫೀ ತಗೊಂಡು ಸಲಹೆ ಕೊಡ್ತಾರ, ಆ ಸಲಹೆ ಮ್ಯಾಲೆ ಕಂಪನಿ ಕಡಿಂದ ಕಮಿಷನ್ ತಗೊಳ್ಳಂಗಿಲ್ಲ. ಒಳ್ಳೆ ಸಲಹೆಗಾರ ಮೊದಲ ಕೇಳೂದ ಸಾಲ ಎಷ್ಟೈತಿ, ಮಗಳ ಮದುವಿ ಯಾವಾಗ, ಮನ್ಯಾಗ ಬ್ಯಾನಿ ಬಿದ್ದವ್ರು ಯಾರದಾರ ಅಂತ. ಬರೇ ಮಾತಿಗೆ ಯಾಕ ಫೀ ಕೊಡಬೇಕು ಅಂತ ನಮ್ಮ ಮಂದಿ ಹಿಂದ ಮುಂದ ನೋಡ್ತಾರ, ಕಮಿಷನ್ ಆದ್ರೂ ತಮ್ಮ ರೊಕ್ಕದಾಗಿಂದನ ಹೋಗ್ತೈತಿ ಅನ್ನೂದು ಕಣ್ಣಿಗೆ ಕಾಣಂಗಿಲ್ಲ.

ಇನ್ನೊಂದು, ನಮ್ಮ ಕಡೆ ಓಣಿಗೊಂದು ಸೌಹಾರ್ದ ಸಹಕಾರಿ, ಪತ್ತಿನ ಸೊಸೈಟಿ ಅದಾವ. ಒಂದೆರಡು ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಎಲ್ಲಾ ಅಲ್ಲೇ ಇಡ್ತಾರ. ಬ್ಯಾಂಕ್ ಮುಳುಗಿದ್ರ 5 ಲಕ್ಷದ ತನಕ ಠೇವಣಿ ವಿಮೆ ಐತಿ, ಈ ಸೊಸೈಟಿಗಳಿಗೆ ಆ ವಿಮೆ ಇಲ್ಲ. ಇದನ್ನ ಠೇವಣಿ ಇಡೋ ಮುಂದ ಯಾರೂ ಹೇಳಂಗಿಲ್ಲ, ಹೊಲ ಮಾರಿದ ರೊಕ್ಕ ಸಿಕ್ಕೊಂಡ ಮ್ಯಾಲೆ ಹೇಳಿದ್ರ ಏನು ಬಂತು.

ಅದಕ್ಕ ಜಿಲ್ಲಾಡಳಿತಕ್ಕ, ನವನಗರದ ಪುನರ್ವಸತಿ ಆಯುಕ್ತರ ಕಚೇರಿಗೆ ನನ್ನ ವಿನಂತಿ. ರೊಕ್ಕ ಜಮಾ ಮಾಡೂದ್ರೊಳಗ ಪ್ರತಿ ಪಂಚಾಯ್ತಿಗೆ ಕನ್ನಡ ಮಾತಾಡೋ ನೋಂದಾಯಿತ ಸಲಹೆಗಾರರನ್ನ ಕಳಸ್ರಿ, ಅವ್ರ ಫೀ ಯೋಜನೆ ಖರ್ಚಿನ್ಯಾಗ ಹಾಕ್ರಿ, ಮನಿ ಹೆಣ್ಣುಮಕ್ಕಳನ್ನೂ ಕರೀರಿ, ಮತ್ತ ಪರಿಹಾರ ಹಂಚೂ ದಿನ ಕಚೇರಿ ಆವರಣದೊಳಗ ಯಾವ ಕಂಪನಿ ಟೇಬಲ್ಲೂ ಹಾಕಾಕ ಬಿಡಬ್ಯಾಡ್ರಿ.

– ಒಬ್ಬ ಓದುಗ, ಬಾಗಲಕೋಟೆ