ಕೊರಿಂಥದಲ್ಲಿ ಪೌಲನೂ ಹೆದರಿದ್ದ

ಮಂಗಳೂರು

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಪತ್ರ ತಲುಪಿತು. ಕಚೇರಿಯಲ್ಲಿ ಜನರನ್ನು ಕೆಲಸದಿಂದ ತೆಗೆಯುತ್ತಿದ್ದಾರೆ, ಮುಂದಿನ ಪಟ್ಟಿಯಲ್ಲಿ ನಿನ್ನ ಹೆಸರೂ ಇರಬಹುದು. ಅಮ್ಮನ ಚಿಕಿತ್ಸೆ ಇನ್ನೂ ಮುಗಿದಿಲ್ಲ. ಇದರ ಮಧ್ಯೆ ನೀನು ತಿಂಗಳು ತಿಂಗಳೂ ಹಣ ಕಳುಹಿಸುವ ಮಿಷನರಿ ದಂಪತಿಯ ಪ್ರಾರ್ಥನಾ ಪತ್ರದಲ್ಲಿ, ಊರಿನ ಕೆಲವರು ಬೆದರಿಕೆ ಹಾಕಿದ ಸುದ್ದಿ ಬಂದಿದೆ. ‘ಅವರಿಗಾಗಿಯೂ ಹೆದರಿಕೆ, ನನಗಾಗಿಯೂ ಹೆದರಿಕೆ. ಹೀಗೆ ನಡುಗುವವಳು ಯಾವ ಮುಖ ಇಟ್ಟುಕೊಂಡು ಸುವಾರ್ತೆಯ ಸೇವೆಗೆ ಕೊಡಲಿ?’ ಎಂದು ಕೇಳಿದ್ದೀಯ. ಫೋನಿನಲ್ಲೇ ಉತ್ತರಿಸಬಹುದಿತ್ತು. ಆದರೆ ನಾನು ಫೋನು ಹಿಡಿದರೆ ನಿನ್ನ ದೊಡ್ಡಮ್ಮ ನಡುವೆ ಬಾಯಿ ಹಾಕುತ್ತಾಳೆ, ಆಮೇಲೆ ಮಾತೆಲ್ಲ ಮೀನಿನ ದರಕ್ಕೆ ತಿರುಗುತ್ತದೆ.

ಸತ್ಯವೇದ ತೆಗೆದು ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯವನ್ನು ನಿಧಾನವಾಗಿ ಓದು. ಸುವಾರ್ತೆ ಸಾರುತ್ತಾ ಊರೂರು ಸುತ್ತುತ್ತಿದ್ದ ಪೌಲ ಗ್ರೀಸಿನ ಕೊರಿಂಥ ಪಟ್ಟಣಕ್ಕೆ ಬಂದಾಗ ಅವನ ಸ್ಥಿತಿ ಹೇಗಿತ್ತು? ಫಿಲಿಪ್ಪಿಯಲ್ಲಿ ಬೆತ್ತದ ಏಟು ತಿಂದು ಸೆರೆಮನೆ ನೋಡಿದ್ದ. ಥೆಸಲೋನಿಕದಿಂದ ರಾತ್ರೋರಾತ್ರಿ ಹೊರಟಿದ್ದ. ಅಥೇನೆಯಲ್ಲಿ ಪಂಡಿತರು ಅವನ ಮಾತು ಕೇಳಿ ನಕ್ಕಿದ್ದರು. ಕೊರಿಂಥದಲ್ಲಿ ಹೊಟ್ಟೆಪಾಡಿಗೆ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಹೊಲಿಯುತ್ತಿದ್ದ. ಕೊರಿಂಥದ ಸಭೆಗೆ ಮುಂದೆ ಬರೆದ ಮೊದಲ ಪತ್ರದ 2ನೆಯ ಅಧ್ಯಾಯದಲ್ಲಿ ತಾನು ಅವರ ಬಳಿಗೆ ಬಲಹೀನನಾಗಿ, ಭಯದಿಂದ, ಬಹಳವಾಗಿ ನಡುಗುತ್ತಾ ಬಂದೆನೆಂದು ಅವನೇ ಹೇಳುತ್ತಾನೆ. ನಾವು ಭಾನುವಾರ ಶಾಲೆಯ ಮಕ್ಕಳಿಗೆ ಕಲಿಸುವ ಪೌಲ ಎಂದೂ ನಡುಗುವುದಿಲ್ಲ. ಅದು ನಾವು ಮಾಡಿಕೊಂಡ ಪೌಲ.

ಈಗ ಕೃತ್ಯಗಳ 18ನೆಯ ಅಧ್ಯಾಯದ 5ನೆಯ ವಚನ ನೋಡು. ಮಕೆದೋನ್ಯದಿಂದ ಅವನ ಸಂಗಡಿಗರಾದ ಸೀಲನೂ ತಿಮೊಥೆಯನೂ ಬಂದ ಮೇಲೆ ಪೌಲ ಪೂರ್ತಿಯಾಗಿ ವಾಕ್ಯ ಸಾರುವುದರಲ್ಲಿ ತೊಡಗಿದ. ಯಾಕೆ, ಗುಡಾರಕ್ಕೆ ಗಿರಾಕಿ ಇರಲಿಲ್ಲವೇ? ಉತ್ತರ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೆಯ ಅಧ್ಯಾಯದಲ್ಲಿದೆ: ಮಕೆದೋನ್ಯದಿಂದ ಬಂದ ಸಹೋದರರು ಅವನ ಕೊರತೆಯನ್ನು ನೀಗಿಸಿದರು. ಯಾರೋ ಅಲ್ಲಿ ಕಾಣಿಕೆ ಕೂಡಿಸಿದ್ದರು. ಮಕೆದೋನ್ಯದಲ್ಲೇ ಇದ್ದ ಫಿಲಿಪ್ಪಿಯ ಸಭೆ ಅವನಿಗೆ ಮತ್ತೆ ಮತ್ತೆ ಕಳುಹಿಸುತ್ತಿತ್ತೆಂಬುದು ನಿನಗೆ ಗೊತ್ತು. ಆ ಗಂಟಿನಲ್ಲಿ ಅವನ ಗಾಯ ತೊಳೆದ ಸೆರೆಮನೆಯ ಅಧಿಕಾರಿಯ ದುಡ್ಡೂ ಇದ್ದಿರಬಹುದು, ನನಗೆ ಹಾಗೆ ಊಹಿಸಲು ಇಷ್ಟ. ಅದಾದ ಮೇಲೆ, ಕೃತ್ಯಗಳ ಅದೇ 18ನೆಯ ಅಧ್ಯಾಯದ 9ನೆಯ ವಚನದಲ್ಲಿ, ಕರ್ತನು ರಾತ್ರಿ ದರ್ಶನದಲ್ಲಿ ಹೆದರಬೇಡ, ಮಾತಾಡು, ನಾನು ನಿನ್ನ ಸಂಗಡ ಇದ್ದೇನೆ ಎನ್ನುತ್ತಾನೆ. ಮೊದಲು ಕಾಣಿಕೆ ಬಂತು, ಆಮೇಲೆ ಅಭಯ ಬಂತು. ಎರಡನ್ನೂ ಕಳುಹಿಸಿದವನು ಒಬ್ಬನೇ. ನಿನಗೆ ನಾನು ಹೇಳಬೇಕಾದದ್ದೆಲ್ಲ ಇದರಲ್ಲೇ ಇದೆ. ಹೆದರಿದ ಸೇವಕನ ಕಡೆಗೆ ದೇವರು ಚಾಚುವ ಕೈ ಎಷ್ಟೋ ಸಲ ಹೆದರಿದ ವಿಶ್ವಾಸಿಯ ಕೈಯೇ ಆಗಿರುತ್ತದೆ. ಮಕೆದೋನ್ಯದವರೇನು ನೆಮ್ಮದಿಯಾಗಿದ್ದರೇ? ಅವರು ಸಂಕಟದಲ್ಲಿದ್ದರು, ಕಡುಬಡವರಾಗಿದ್ದರು ಎಂದು ಪೌಲನೇ ಸಾಕ್ಷಿ ಹೇಳಿದ್ದಾನೆ.

ಇನ್ನೊಂದು ಮಾತು. ಅಭಯ ಸಿಕ್ಕಿದ ಮೇಲೂ ಪೌಲನನ್ನು ರೋಮಿನ ಅಧಿಪತಿ ಗಲ್ಲಿಯೋನನ ನ್ಯಾಯಾಸನದ ಮುಂದೆ ಎಳೆದುಕೊಂಡು ಹೋದರು. ಅವನಿಗೆ ಕೇಡಾಗಲಿಲ್ಲ ನಿಜ, ಆದರೆ ಅಂದು ಜನ ಹೊಡೆದದ್ದು ಸಭಾಮಂದಿರದ ಅಧ್ಯಕ್ಷ ಸೊಸ್ಥೆನ ಎಂಬವನನ್ನು. ನಿನ್ನ ಮಿಷನರಿಗಳ ಕೂದಲೂ ಕೊಂಕುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಅಂಥ ಮಾತು ಕೊಡುವವರನ್ನು ನೀನು ನಂಬಲೂ ಬೇಡ.

ಮಿಷನ್ ಭಾನುವಾರದ ಪ್ರಸಂಗಗಳಲ್ಲಿ ವರ್ಷ ವರ್ಷವೂ ಬರುವ, ಮಿಷನರಿ ವಿಲಿಯಂ ಕೇರಿಯ ಹಗ್ಗದ ಕಥೆಯನ್ನು (ನಾನು ಗಣಿಗೆ ಇಳಿಯುತ್ತೇನೆ, ನೀವು ಮೇಲೆ ಹಗ್ಗ ಹಿಡಿಯಿರಿ ಎಂದದ್ದು) ನಾನು ಹೇಳುವುದಿಲ್ಲ, ನಿನಗೆ ಬಾಯಿಪಾಠ ಬರುತ್ತದೆ. ಅದೇ ಕೇರಿಯ ಇನ್ನೊಂದು ಘಟನೆ ಕನ್ನಡದವರಾದ ನಮಗೆ ಹತ್ತಿರದ್ದು. 1812ರ ಮಾರ್ಚ್ 11ರ ಸಂಜೆ ಬಂಗಾಳದ ಸೆರಾಂಪುರದಲ್ಲಿದ್ದ ಅವನ ಮಿಷನ್ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕೇರಿ ಆಗ ಕಲ್ಕತ್ತದಲ್ಲಿದ್ದ. ಕಾಗದದ ರಾಶಿ, ಅಚ್ಚಿನ ಮೊಳೆಗಳು, ವರ್ಷಗಟ್ಟಲೆ ಬೆವರು ಸುರಿಸಿ ಬರೆದ ಹಸ್ತಪ್ರತಿಗಳು ಸುಟ್ಟು ಹೋದವು. ಅದರಲ್ಲಿ ಕನ್ನಡದ ಹೊಸ ಒಡಂಬಡಿಕೆಯ ಅನುವಾದವೂ ಇತ್ತು. ಮರುದಿನ ಬಂದು ನೋಡಿದರೆ ಕಣ್ಣಲ್ಲಿ ನೀರು. ಅವನೂ ಸಂಗಡಿಗರೂ ಬೂದಿ ಕೆದಕಿದರು. ಅಕ್ಷರ ಎರಕ ಹೊಯ್ಯಲು ಬೇಕಾದ ಉಕ್ಕಿನ ಪಡಿಯಚ್ಚುಗಳು ಕೆಡದೆ ಉಳಿದಿದ್ದವು. ಕರಗಿ ಗಟ್ಟಿಯಾಗಿದ್ದ ಸೀಸವನ್ನೇ ಮತ್ತೆ ಕರಗಿಸಿ ಹೊಸ ಮೊಳೆ ಎರೆಯಲು ಶುರು ಮಾಡಿದರು. ಮುಂದಿನ ಭಾನುವಾರ ಕೇರಿ ಪ್ರಸಂಗಕ್ಕೆ ಆರಿಸಿಕೊಂಡದ್ದು 46ನೆಯ ಕೀರ್ತನೆಯ 10ನೆಯ ವಚನ, ಸುಮ್ಮನಿದ್ದು ನಾನೇ ದೇವರೆಂದು ತಿಳಿದುಕೊಳ್ಳಿರಿ ಎಂಬುದು. ಸುಮ್ಮನಿರುವುದೆಂದರೆ ಕೈಕಟ್ಟಿ ಕೂರುವುದೆಂದು ಅವನು ತಿಳಿದಿರಲಿಲ್ಲ ಎಂಬುದಕ್ಕೆ ಆ ಎರಕದ ಕೆಲಸವೇ ಸಾಕ್ಷಿ.

ಸುದ್ದಿ ಹಡಗಿನಲ್ಲಿ ಇಂಗ್ಲೆಂಡ್ ಮುಟ್ಟಲು ತಿಂಗಳುಗಳೇ ಹಿಡಿದವು. ಸೆರಾಂಪುರದವರಿಗೆ ಹಣ ಬರುತ್ತದೆಂಬ ಖಾತರಿ ಏನೂ ಇರಲಿಲ್ಲ. ಆದರೆ ಸುದ್ದಿ ತಲುಪಿದ ಸುಮಾರು ಎರಡು ತಿಂಗಳಲ್ಲಿ ನಷ್ಟದ ಪೂರ್ತಿ ಮೊತ್ತ ಕೂಡಿಬಂತು. ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅದೇ ಸೆರಾಂಪುರದಲ್ಲಿ ಅಚ್ಚಾಯಿತು. ಕೊಟ್ಟವರಲ್ಲಿ ಎಷ್ಟು ಮಂದಿ ಕನ್ನಡ ಎಂಬ ಹೆಸರು ಕೇಳಿದ್ದರೋ!

ಕೊಡುವವರೆಂದರೆ ದೊಡ್ಡ ಧಣಿಗಳು ಎಂದು ಯಾರು ಹೇಳಿದರು? ನಿಘಂಟಿನ ಕಿಟೆಲ್ ಬಾಸೆಲ್ ಮಿಷನ್ನಿನಿಂದ 1853ರಲ್ಲಿ ನಮ್ಮ ನಾಡಿಗೆ ಬಂದರು. ಆ ಮಿಷನ್ನಿಗಾಗಿ 1855ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅರ್ಧ ಬಾಟ್ಸೆನ್ ಸಂಗ್ರಹ ಆರಂಭವಾಯಿತು. ವಾರಕ್ಕೊಂದು ಚಿಲ್ಲರೆ ನಾಣ್ಯ, ಬಡವರ ಕೈಗೂ ಎಟಕುವಷ್ಟು. ಮಿಜೋರಾಮಿನ ತಾಯಂದಿರು ಇನ್ನೊಂದು ದಾರಿ ಕಂಡುಕೊಂಡರು. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುವುದು, ಸಭೆಯವರು ಬಂದು ಕೂಡಿಸಿಕೊಂಡು ಹೋಗಿ ಮಾರುವುದು. ಸುಮಾರು 1910ರಿಂದ ನಡೆದುಬಂದ ಈ ಹಿಡಿ ಅಕ್ಕಿ ಇಂದು ಎಷ್ಟೋ ಮಿಷನರಿಗಳನ್ನು ಸಾಕುತ್ತಿದೆ. ನಮ್ಮ ಬೆಳೆ ಹಬ್ಬದ ಏಲಂನಲ್ಲಿ ಒಂದು ಸೌತೆಕಾಯಿಗೆ ಬಿಡ್ ಏರಿಸುವಾಗ ಕೆಲವರ ಮುಖದಲ್ಲಿ ಕಾಣುವ ಗತ್ತು ಆ ಅಕ್ಕಿಯ ಪಾತ್ರೆಯ ಹತ್ತಿರ ಇರುವುದಿಲ್ಲ. ನನಗೆ ಏಲಂ ಇಷ್ಟವೇ, ಆದರೆ ಸೇವೆ ನಿಂತಿರುವುದು ಪಾತ್ರೆಯ ಮೇಲೆ.

ಇನ್ನು ನಿನ್ನ ಲೆಕ್ಕಾಚಾರ. ಅಮ್ಮನ ಔಷಧದ ದುಡ್ಡನ್ನು ಮುಟ್ಟಬೇಡ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’ ಎಂದು ದೇವರ ಹೆಸರಿಗೆ ಬರೆದವರನ್ನು ಯೇಸುಸ್ವಾಮಿ ಬಯ್ದದ್ದು ಮಾರ್ಕನ 7ನೆಯ ಅಧ್ಯಾಯದಲ್ಲಿದೆ. ಈಗ ಕಳುಹಿಸುವಷ್ಟು ಆಗದಿದ್ದರೆ ಅರ್ಧ ಕಳುಹಿಸು, ಕಾಲು ಭಾಗ ಕಳುಹಿಸು. ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ದೇವರಿಗೆ ಮೆಚ್ಚಿಕೆ, ಇಲ್ಲದ್ದನ್ನು ಅವನು ಕೇಳುವುದಿಲ್ಲ. ಆದರೆ ಹೇಳದೆ ಕೇಳದೆ ನಿಲ್ಲಿಸಬೇಡ. ಅವರು ಆ ಹಣದ ಮೇಲೆ ಮಕ್ಕಳ ಶಾಲೆಯ ಶುಲ್ಕ, ಮನೆ ಬಾಡಿಗೆ ಲೆಕ್ಕ ಹಾಕಿರುತ್ತಾರೆ. ಇಂಥ ತಿಂಗಳಿನಿಂದ ಇಷ್ಟೇ ಸಾಧ್ಯ ಎಂದು ಮೊದಲೇ ಬರೆದರೆ ಅವರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ನಾಚಿಕೆಯಿಂದ ಮೌನವಾಗುವ ದಾನಿ ಕಡಿಮೆ ಕೊಡುವವನಿಗಿಂತ ಹೆಚ್ಚು ತೊಂದರೆ ಕೊಡುತ್ತಾನೆ.

ಟಿವಿಯಲ್ಲಿ ಬಿತ್ತನೆಯ ಕಾಣಿಕೆ ಕೊಡಿ, ನೂರರಷ್ಟು ಬರುತ್ತದೆ, ಕೆಲಸ ಉಳಿಯುತ್ತದೆ ಎನ್ನುವವರಿಗೆ ಕಿವಿಗೊಡಬೇಡ. ನಿನ್ನ ಕೆಲಸ ಹೋಗಬಹುದು. ಹೋದರೆ ದೇವರು ನಿನ್ನನ್ನು ದಂಡಿಸಿದನೆಂದೂ ಅಲ್ಲ, ಕಾಣಿಕೆ ಸಾಲದಾಯಿತೆಂದೂ ಅಲ್ಲ. ಆಗ ಮಂಗಳೂರಿಗೆ ಬಾ, ಇಲ್ಲಿ ಒಂದು ಕೋಣೆ ಇದೆ, ಅನ್ನ ಇದೆ.

ದುಡ್ಡು ಬಿಟ್ಟು ಇನ್ನೂ ಎರಡು ಕೆಲಸ ನಿನ್ನ ಕೈಯಲ್ಲಿವೆ. ಅವರ ಪ್ರಾರ್ಥನಾ ಪತ್ರವನ್ನು, ಫೋಟೋಗಳನ್ನು, ಊರಿನ ಹೆಸರನ್ನು ವಾಟ್ಸಾಪ್ ಗುಂಪುಗಳಿಗೆ ಕಳುಹಿಸಬೇಡ. ನೀನು ಭಕ್ತಿಯಿಂದ ಕಳುಹಿಸಿದ್ದು ಯಾರ ಕೈ ಸೇರುತ್ತದೋ ಹೇಳಲಾಗದು. ಇನ್ನೊಂದು, ಆ ಹೆಂಗಸಿಗೆ ಪತ್ರ ಬರೆ. ಎಷ್ಟು ಜನ ನಂಬಿದರು, ಎಷ್ಟು ಜನ ದೀಕ್ಷಾಸ್ನಾನ ಪಡೆದರು ಎಂದು ಎಲ್ಲರೂ ಕೇಳುತ್ತಾರೆ. ರಾತ್ರಿ ನಿದ್ದೆ ಬರುತ್ತಿದೆಯೇ, ಮಗುವಿನ ಜ್ವರ ಇಳಿಯಿತೇ ಎಂದು ನೀನು ಕೇಳು. ನಿನಗೂ ಹೆದರಿಕೆಯಾಗುತ್ತಿದೆ ಎಂದು ಬರೆ. ಧೈರ್ಯವಂತರ ಪತ್ರಗಳು ಅವಳಿಗೆ ಬೇಕಾದಷ್ಟು ಬರುತ್ತಿರುತ್ತವೆ.

56ನೆಯ ಕೀರ್ತನೆಯನ್ನು ಈ ವಾರ ಅಮ್ಮನ ಹತ್ತಿರ ಕೂತು ಗಟ್ಟಿಯಾಗಿ ಓದು. ಹೆದರಿಕೆಯಾದಾಗ ನಿನ್ನನ್ನು ಆಶ್ರಯಿಸುತ್ತೇನೆ ಎಂದು ದಾವೀದ ಹೇಳುವುದು ಅದರಲ್ಲೇ. ಅವಳಿಗೆ ಓದಿಸಿಕೊಳ್ಳುವುದೆಂದರೆ ಪ್ರೀತಿ, ನಡುವೆ ತಪ್ಪು ತಿದ್ದುತ್ತಾಳೆ, ಬೇಸರಿಸಬೇಡ.

ಸ್ಕ್ಯಾನಿನ ವರದಿ ಬಂದ ಕೂಡಲೇ ತಿಳಿಸು. ದೊಡ್ಡಮ್ಮ ಒಣಸೀಗಡಿ ಚಟ್ನಿ ಕಟ್ಟಿಟ್ಟಿದ್ದಾಳೆ, ಬಸ್ಸಿನವರ ಕೈಯಲ್ಲಿ ಶನಿವಾರ ಕಳುಹಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ