ತಂತಿಗೆ ಚುಚ್ಚಿಟ್ಟ ಕಾಗದಗಳು

ನಮ್ಮ ಕನ್ನಡ ಸಂಘದ ಪತ್ರಿಕೆಯ ರಾಜ್ಯೋತ್ಸವ ಸಂಚಿಕೆ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. ಸಂಪಾದಕೀಯಕ್ಕೆ ಬೇರೆ ವಿಷಯ ಇಟ್ಟುಕೊಂಡಿದ್ದೆ, ಆದರೆ ಕನ್ನಡ ಕಲಿ ತರಗತಿಯ ಒಂದು ಹುಡುಗಿ ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ. ಅದನ್ನೇ ಬರೆದುಬಿಡುತ್ತೇನೆ.

ಅಕ್ಟೋಬರ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್ ಕಡೆ ಹೋಗಿದ್ದೆವಲ್ಲ, ಅಲ್ಲೊಂದು ಸಣ್ಣ ಊರಿನಲ್ಲಿ ಸ್ಥಳೀಯ ಇತಿಹಾಸದ ಸಂಗ್ರಹ ಇದೆ. ಎರಡೇ ಕೋಣೆ. ನೋಡಿಕೊಳ್ಳುವವರು ನಮ್ಮ ಹಾಗೇ ಸ್ವಯಂಸೇವಕರು. ಭಾರತದವರು ಅಂತ ಗೊತ್ತಾದ ಕೂಡಲೇ ಅಲ್ಲಿದ್ದ ಹಿರಿಯರೊಬ್ಬರು ಒಳಗಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. ತುಂಬಾ ಹಳೇ ಚಿತ್ರದ ಕಾರ್ಡುಗಳು. ಒಂದೊಂದನ್ನೂ ಪಾರದರ್ಶಕ ಲಕೋಟೆಯಲ್ಲಿ ಹಾಕಿ, ಪೆನ್ಸಿಲಿನಲ್ಲಿ ನಂಬರು ಬರೆದಿದ್ದರು. ಮೇಲಿನ ಕಾರ್ಡು ತೆಗೆದು ನೋಡಿದರೆ ಊರಿನ ಹೆಸರು ಉರಿಗಾಂ! ಕೆಳಗಿನದು ಚಾಂಪಿಯನ್ ರೀಫ್ಸ್. ಅದರ ಕೆಳಗಿನದು ಮಾರಿಕುಪ್ಪಂ. ನನಗೆ ಕಣ್ಣು ಮಂಜಾಯಿತು. ನಮ್ಮ ಕೋಲಾರ ಅಲ್ವಾ!

ಕೋಲಾರದವರಿಗೆ ಇದು ಗೊತ್ತು, ಮಕ್ಕಳಿಗೆ ಹೇಳಬೇಕಾಯಿತು. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು ಕಾರ್ನ್‌ವಾಲ್‌ನ ಗಣಿಗಳು ಒಂದೊಂದೇ ಮುಚ್ಚಿದವು. ಅಲ್ಲಿನ ಗಣಿ ಕೆಲಸದವರು ಆಸ್ಟ್ರೇಲಿಯಾ, ಮೆಕ್ಸಿಕೋ, ದಕ್ಷಿಣ ಆಫ್ರಿಕಾ ಅಂತ ಹೊಟ್ಟೆಪಾಡಿಗೆ ದೇಶ ಬಿಟ್ಟರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈ ಹಾಕಿದ ಮೇಲೆ ಅವರಲ್ಲಿ ಕೆಲವರು ನಮ್ಮೂರಿಗೂ ಬಂದರು. 1902ರಲ್ಲಿ ಶಿವನಸಮುದ್ರದಿಂದ ಅಷ್ಟು ದೂರ ತಂತಿ ಎಳೆದು ಗಣಿಗೆ ಕರೆಂಟು ತಂದ ಕಾಲದಲ್ಲಿ ಅಲ್ಲಿದ್ದವರು, ತಮ್ಮ ಅಮ್ಮನಿಗೆ, ಹೆಂಡತಿಗೆ, ತಂಗಿಗೆ ಬರೆದ ಕಾರ್ಡುಗಳು ಇವು. ಬಿಸಿಲು ಜಾಸ್ತಿ, ದುಡ್ಡು ಕಳಿಸಿದ್ದೇನೆ, ಮಗು ನಡೆಯುತ್ತಾ? ಅಷ್ಟೇ ಇರೋದು. ನಾವು ಇಲ್ಲಿಂದ ಫೋನಿನಲ್ಲಿ ಕೇಳುವುದೂ ಇದನ್ನೇ.

ಆಗ ಆ ಹುಡುಗಿ ಕೇಳಿದಳು. "ಆಂಟಿ, ಇವರು ಕೋಲಾರದಿಂದ ಮನೆಗೆ ಬರೆದ ಕಾಗದ ಇಲ್ಲಿದೆ. ನಿಮ್ಮ ತಾತನ ಮನೆಗೆ ಬಂದ ಕಾಗದ ಎಲ್ಲಿದೆ?"

ನಮ್ಮದು ಬೇತಮಂಗಲದ ಹತ್ತಿರ ಒಂದು ಹಳ್ಳಿ. ಅಲ್ಲಿನ ಕೆರೆ ನೀರೇ ಗಣಿಗೆ ಹೋಗುತ್ತಿತ್ತು. ಮನೆಯ ನಡುಮನೆ ಕಂಬದಲ್ಲಿ ಒಂದು ಕೊಕ್ಕೆ ತಂತಿ ನೇತಾಡುತ್ತಿತ್ತು. ಕೆಳಗೆ ಒಂದು ಮರದ ಬಿಲ್ಲೆ, ಮೇಲೆ ಬಗ್ಗಿಸಿದ ಚೂಪು ತುದಿ. ಕಾಗದ ಬಂದರೆ ತಾತ ಕನ್ನಡಕ ಹಾಕಿಕೊಂಡು ಮನಸ್ಸಿನಲ್ಲೇ ಒಂದು ಸಲ ಓದುತ್ತಿದ್ದರು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದರು, ಆಮೇಲೆ ತಂತಿಗೆ ಚುಚ್ಚುತ್ತಿದ್ದರು. ಹಳೆಯವು ಅಡಿಗೆ, ಹೊಸವು ಮೇಲಕ್ಕೆ. ವರ್ಷವಾರು ಜೋಡಿಸುವ ಕೆಲಸ ಆ ತಂತಿಯೇ ಮಾಡಿಬಿಡುತ್ತಿತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಒಂದು ಸಲ ಕೇಳಿದರೆ ಅವರಿಗೆ ಸಾಕಾಗುತ್ತಲೂ ಇರಲಿಲ್ಲ. ಮಧ್ಯಾಹ್ನ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಾಗ ನನ್ನನ್ನು ಕರೆದು, "ಆ ಚಿಂತಾಮಣಿ ಕಾಗದ ತೆಗಿಯಮ್ಮ, ಇನ್ನೊಂದ್ಸಲ ಓದು" ಅನ್ನುತ್ತಿದ್ದರು. ಕಾರ್ಡಿನ ನಡುವೆ ತಂತಿ ತೂರಿದ ಜಾಗದಲ್ಲಿ ಒಂದೆರಡು ಅಕ್ಷರ ಹೋಗಿರುತ್ತಿತ್ತು. ಅಲ್ಲಿ ನಾನು ತಡವರಿಸಿದರೆ ಅಜ್ಜಿಯೇ ಬಾಯಿಪಾಠದಿಂದ ತುಂಬಿಸುತ್ತಿದ್ದರು.

ಚಿಂತಾಮಣಿಗೆ ಕೊಟ್ಟಿದ್ದ ಅತ್ತೆಯ ಕಾಗದಗಳೆಂದರೆ ನನಗೆ ಬಹಳ ಇಷ್ಟ. ಮೇಲೆ ನಡುವೆ ಒಂದು ಶ್ರೀ, "ತೀರ್ಥರೂಪು ಅಪ್ಪನವರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರಗಳು, ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು." ಅಲ್ಲಿಗೇ ಕಾಲು ಕಾರ್ಡು ಮುಗಿಯುತ್ತಿತ್ತು. ಮಿಕ್ಕಿದ್ದೆಲ್ಲಾ ರೇಷ್ಮೆ. ಹುಳ ನಾಲ್ಕನೇ ಜ್ವರ (ಅಂದರೆ ಪೊರೆ ಬಿಡುವುದು) ಎದ್ದಿದೆ, ಸೊಪ್ಪು ಸಾಲದು, ಹಬ್ಬಕ್ಕೆ ಬರಲಾಗುವುದಿಲ್ಲ. ಶಿಡ್ಲಘಟ್ಟದಲ್ಲಿ ಗೂಡಿನ ರೇಟು ಬಿದ್ದುಹೋಗಿದೆ, ಸೀರೆ ಈ ವರ್ಷ ಬೇಡ ಅಂತ ಅಮ್ಮನಿಗೆ ಹೇಳಿ. ಅತ್ತೆ ಮನೆಯವರು ಮಾತಾಡುವುದು ತೆಲುಗು, ಕಾಗದ ಬರೆಯುವುದು ಕನ್ನಡ. ದುಃಖ ಜಾಸ್ತಿಯಾದ ಕಡೆ ಮಾತ್ರ ಅತ್ತೆ ಕನ್ನಡ ಅಕ್ಷರದಲ್ಲೇ ತೆಲುಗು ಬರೆದುಬಿಡುತ್ತಿದ್ದರು. ಜಾಗ ಮುಗಿದ ಮೇಲೆ ಅಂಚಿನಲ್ಲಿ ಸುತ್ತಲೂ ಬರೆಯುತ್ತಿದ್ದರು. ನಾನು ಕಾರ್ಡು ತಿರುಗಿಸಿ ತಿರುಗಿಸಿ ಓದುತ್ತಿದ್ದೆ. ವಿಳಾಸದ ಪಕ್ಕ ಸಣ್ಣಕ್ಷರದಲ್ಲಿ ಕಡೇ ಸಾಲು, "ಅಮ್ಮ ಹುಷಾರು."

ಸಾವಿನ ಸುದ್ದಿ ಬಂದ ಕಾರ್ಡು ತಂತಿಗೆ ಏರುತ್ತಿರಲಿಲ್ಲ. ಹೊರಗೇ ಓದಿ, ಅಲ್ಲೇ ಹರಿದುಹಾಕಿ ಸ್ನಾನಕ್ಕೆ ಹೋಗುತ್ತಿದ್ದರು. ಹಾಗಾಗಿ ಆ ತಂತಿಯಲ್ಲಿ ಯಾರೂ ಸತ್ತಿರಲಿಲ್ಲ. ಒಬ್ಬರ ಅಕ್ಷರ ಮುಂದೆ ಬರುವುದು ನಿಂತುಹೋಗಿರುತ್ತಿತ್ತು, ಅಷ್ಟೇ.

ಊರಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿದಾಗ ಆ ತಂತಿ ಹಳೇ ಪೇಪರಿನ ಜೊತೆ ತೂಕಕ್ಕೆ ಹೋಯಿತು. ಉಳಿದಿದ್ದು ಅಜ್ಜಿ ಟ್ರಂಕಿನಲ್ಲಿ ಸೀರೆ ಕೆಳಗೆ ಇಟ್ಟುಕೊಂಡಿದ್ದ ಕೆಲವು ಕಾರ್ಡು, ಮತ್ತು ಗಣಿಯಲ್ಲಿ ಕೆಲಸ ಮಾಡಿದ ದೊಡ್ಡ ತಾತನ ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಗಣಿಯೂ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆ ಬಿಲ್ಲೆ ಈಗ ನನ್ನ ಹತ್ತಿರ ಇದೆ.

ದೊಡ್ಡವರ ವಸ್ತುಗಳನ್ನು ನಮ್ಮ ಕಡೆ ಜೋಪಾನ ಮಾಡಿದ್ದಾರೆ. ಮುದ್ದೇನಹಳ್ಳಿಗೆ ಹೋದರೆ ಸರ್ ಎಂ.ವಿ. ಅವರ ಮನೆಯಲ್ಲಿ ಅವರ ಸಾಮಾನುಗಳನ್ನು ನೋಡಬಹುದು. ರೇಷ್ಮೆ ಸಾಕಿದ ಅತ್ತೆಯ ಕಾರ್ಡನ್ನು ನಾವೇ ಇಡಬೇಕು. ಇಲ್ಲಿನ ಪೆಟ್ಟಿಗೆಯಲ್ಲಿ ಕೋಲಾರ ಇದೆ, ಬಂಗಲೆ ಇದೆ, ಕ್ರಿಸ್ಮಸ್ ಕೇಕು ಇದೆ. ಆ ಬಂಗಲೆಗೆ ಹಾಲು ಹಾಕಿದವರು, ಸೌದೆ ಹೊಡೆದವರು, ಸುರಂಗಕ್ಕೆ ಇಳಿದವರು ಬರೆದದ್ದು ಒಂದೂ ಇಲ್ಲ. ಅಲ್ಲಿನ ಹಿರಿಯರನ್ನು ಕೇಳಿದೆ. ನಮ್ಮ ಕಡೆಯ ಕಾಗದಗಳ ಪ್ರತಿಗಳನ್ನು ವಿವರ ಬರೆದು ಕೊಟ್ಟರೆ ಅದೇ ಪೆಟ್ಟಿಗೆಯ ಜೊತೆ ಇಡುತ್ತೇವೆ ಅಂದರು. ಅದಕ್ಕೇ ಈ ಕೇಳಿಕೆ.

ಮನೆಯಲ್ಲಿ ಏನಿದೆಯೋ ಹುಡುಕಿ. ಕಾರ್ಡು, ಇನ್‌ಲ್ಯಾಂಡ್ ಲೆಟರ್, ಲಗ್ನಪತ್ರಿಕೆ, ಟೆಲಿಗ್ರಾಂ, ರೇಷನ್ ಕಾರ್ಡು, ಸ್ಟುಡಿಯೋ ಫೋಟೋ. ತಾರೀಖು ಇಲ್ಲದಿದ್ದರೂ ಪರವಾಗಿಲ್ಲ, ಕಾರ್ಡೇ ಹೇಳುತ್ತದೆ. ನಮ್ಮಲ್ಲಿ ಕಾರ್ಡು ಶುರುವಾಗಿದ್ದು 1879ರ ಜುಲೈ 1ಕ್ಕೆ, ಕಾಲಾಣೆಗೆ. ಸ್ಟಾಂಪಿನಲ್ಲಿ ಏಳನೇ ಎಡ್ವರ್ಡ್ ಮುಖ ಇದ್ದರೆ 1902ರಿಂದ 1910ರ ಆಸುಪಾಸು. ನಯೇ ಪೈಸೆ ಅಂತ ಇದ್ದರೆ 1957ರ ಈಚಿನದು. ವಿಳಾಸದ ಕೊನೆಗೆ ಮೈಸೂರು ರಾಜ್ಯ ಅಂತಿದ್ದರೆ ಬಹುಮಟ್ಟಿಗೆ 1973ರ ನವೆಂಬರ್ 1ಕ್ಕೆ ಮುಂಚೆ, ಅಂದರೆ ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗುವ ಮೊದಲು. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಆದ್ದರಿಂದ 563101 ಅಂತ ಬರೆದಿದ್ದರೆ ಅದಾದ ಮೇಲಿನದು. ಚಿಂತಾಮಣಿ, ಕೋಲಾರ ಜಿಲ್ಲೆ ಅಂತಿದ್ದರೆ ಗಾಬರಿ ಬೇಡ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋ ಟೇಪ್ ಹಚ್ಚಬೇಡಿ, ಅದರ ಅಂಟು ವರ್ಷ ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ರಬ್ಬರ್ ಬ್ಯಾಂಡ್ ಬಿಚ್ಚಿ. ಹಿಂದೆ ಏನಾದರೂ ಬರೆಯಬೇಕಿದ್ದರೆ ಪೆನ್ಸಿಲ್ ಮಾತ್ರ. ಬಿಸಿಲು ಬೀಳದ, ತೇವ ಇಲ್ಲದ ಜಾಗದಲ್ಲಿಡಿ. ಅಟ್ಟ ಬೇಡ. ಎರಡೂ ಮಗ್ಗುಲು ಸ್ಕ್ಯಾನ್ ಮಾಡಿ, ಅಂಚಿನ ಬರಹವೂ ಬರಲಿ. ಬದುಕಿರುವವರ ಕಾಗದವಾದರೆ ಅವರನ್ನು ಒಂದು ಮಾತು ಕೇಳಿ. ಎಲ್ಲಕ್ಕಿಂತ ಮುಖ್ಯ, ಅಮ್ಮ ಅಪ್ಪನಿಗೆ ಈ ಭಾನುವಾರವೇ ಫೋನ್ ಮಾಡಿ ಫೋಟೋದಲ್ಲಿ ಇರುವವರು ಯಾರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಇದನ್ನು ಮುಂದಕ್ಕೆ ಹಾಕಬೇಡಿ.

ಇನ್ನು ಸೂಚನೆಗಳು, ಜಾಗ ಕಡಿಮೆ ಇದೆ. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ 2ಕ್ಕೆ, ಅದೇ ಹಾಲ್. ಊಟಕ್ಕೆ ಮುದ್ದೆ, ಬಸ್ಸಾರು, ಮಕ್ಕಳಿಗೆ ಚಿತ್ರಾನ್ನ. ಎಷ್ಟು ಜನ ಬರುತ್ತೀರಿ ಅಂತ ಬುಧವಾರದೊಳಗೆ ತಿಳಿಸಿ, ರಾಗಿಹಿಟ್ಟು ತರಿಸಬೇಕು. ಮಕ್ಕಳ ವೇಷಭೂಷಣಕ್ಕೆ ಹೆಸರು ಕೊಡಲು ಅದೇ ಕಡೇ ದಿನ. ಕನ್ನಡ ಕಲಿ ತರಗತಿ ಮುಂದಿನ ಭಾನುವಾರದಿಂದ ಮತ್ತೆ ಶುರು, ಬೆಳಗ್ಗೆ 10.30. ಸದಸ್ಯತ್ವದ ಹಣ ಬಾಕಿ ಇರುವವರು ಖಜಾಂಚಿಯವರನ್ನು ಕಾಣಿ.

ಇನ್ನೊಂದು ವಿಷಯ. ಇಷ್ಟು ವರ್ಷ ನಮ್ಮ ಪುಟಗಳನ್ನು ಜೋಡಿಸಿಕೊಟ್ಟ ದಂಪತಿಗಳು ಡಿಸೆಂಬರಿನಲ್ಲಿ ಬೆಂಗಳೂರಿಗೆ ವಾಪಸ್ ಹೋಗುತ್ತಿದ್ದಾರೆ. ಅವರಿಗೆ ಒಳ್ಳೆಯದಾಗಲಿ. ಅವರ ಜಾಗಕ್ಕೆ ಯಾರೂ ಬಂದಿಲ್ಲ. ಬರೆಯುವುದು, ತಿದ್ದುವುದು, ಪುಟ ಕಟ್ಟುವುದು ಎಲ್ಲಾ ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ, ಯುಗಾದಿ ಸಂಚಿಕೆ ಬರಬೇಕಾದರೆ ಇಬ್ಬರಾದರೂ ಬೇಕು. ಕನ್ನಡ ಟೈಪಿಂಗ್ ಬಂದರೆ ಸಾಕು, ಮಿಕ್ಕಿದ್ದನ್ನು ನಾನು ಹೇಳಿಕೊಡುತ್ತೇನೆ. ಹಳೇ ಕೈಬರಹ ಓದಬಲ್ಲ ಹಿರಿಯರೂ ಬೇಕು. ಊರಿಂದ ಬಂದಿರುವ ಅಮ್ಮ, ಅಪ್ಪ, ಅತ್ತೆ, ಮಾವ ಯಾರಿದ್ದರೂ ಕರೆದುಕೊಂಡು ಬನ್ನಿ, ಅವರಿಗೂ ಹೊತ್ತು ಹೋಗುತ್ತದೆ.

ಕಾಗದಗಳಿಗೆ ಅಂತ ಹಾಲಿನ ಬಾಗಿಲ ಪಕ್ಕ ಒಂದು ಮೇಜು ಹಾಕುತ್ತೇವೆ. ಅಲ್ಲೇ ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡುತ್ತೇವೆ, ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಸ್ಕ್ಯಾನರ್ ಇರುವವರು ಒಂದು ಗಂಟೆ ಮುಂಚೆ ಬನ್ನಿ, ಜೊತೆಗೆ ಒಂದು ಎಕ್ಸ್‌ಟೆನ್ಷನ್ ವೈರ್ ತನ್ನಿ. ಆ ಮೂಲೆಯಲ್ಲಿ ಪ್ಲಗ್ ಒಂದೇ ಇರೋದು.